ಕಣ್ಣು ಮುಚ್ಚಿದವರ ಚಿನ್ನ

ಕಣ್ಣಿನ ಆಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಅಂಗಡಿಗೂ ಮಹಡಿಯ ಮೆಟ್ಟಿಲಿಗೂ ನಡುವೆ, ಒಂದು ಉದ್ದನೆಯ ಕೋಣೆಯಿದೆ. ಕಿಟಕಿಗಳಿಗೆ ಹಸಿರು ಪರದೆ, ಗೋಡೆಗೆ ಬೆನ್ನು ಕೊಟ್ಟ ಒಂದು ಸಾಲು ಕುರ್ಚಿ. ಗೊತ್ತಿಲ್ಲದೆ ಆ ಕೋಣೆಗೆ ಕಾಲಿಟ್ಟವರು ಹೊಸಿಲಲ್ಲೇ ಬೆಚ್ಚುತ್ತಾರೆ. ಅಷ್ಟೂ ಕುರ್ಚಿಗಳಲ್ಲಿ ಜನ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದುಕೊಂಡು, ಯಾವುದೋ ರೈಲು ತಪ್ಪಿಸಿಕೊಂಡು ಅಲ್ಲೇ ನಿದ್ದೆ ಹೋದವರ ಹಾಗೆ ಕೂತಿರುತ್ತಾರೆ. ಹೆದರುವಂಥದ್ದು ಏನೂ ಇಲ್ಲ. ಡಾಕ್ಟರಿಗೆ ಕಣ್ಣಿನ ಒಳಗಡೆ ಕಾಣಬೇಕಾದರೆ ಪಾಪೆ ಅರಳಬೇಕು, ಪಾಪೆ ಅರಳಬೇಕಾದರೆ ಔಷಧಿಯ ಹನಿ ಬೀಳಬೇಕು, ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ ಕಾಯಬೇಕು. ಬೇರೆ ಕಡೆ ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ, ಇಲ್ಲಿ ಔಷಧಿ ಬಿಡಿಸಿಕೊಂಡು ಕಾಯುತ್ತಾರೆ. ವ್ಯತ್ಯಾಸ ಅಷ್ಟೇ.

ಹನಿ ಬಿಡುವ ಹೆಂಗಸಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಇಟ್ಟ ಹೆಸರು ಡ್ರಾಪ್ಸ್. ಐವತ್ತು ದಾಟಿದವಳು, ಗಿಡ್ಡ ಮೈಕಟ್ಟು, ಬಿಳಿ ಕೋಟಿನ ಎಡ ಜೇಬಿನಲ್ಲಿ ಹತ್ತಿ, ಬಲ ಜೇಬಿನಲ್ಲಿ ಕೆಂಪು ಮುಚ್ಚಳದ ಪುಟ್ಟ ಬಾಟಲಿ. ಸಾಲಿನ ಈ ತುದಿಯಿಂದ ಶುರು ಮಾಡಿ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯವರಿಗೆ ಎರಡನೇ ಹನಿಯ ಹೊತ್ತಾಗಿರುತ್ತದೆ. ತೋಟಕ್ಕೆ ನೀರು ಬಿಡುವವರಿಗಾದರೂ ಮಳೆಗಾಲದಲ್ಲಿ ಬಿಡುವು ಸಿಗುತ್ತದೆ. ಇವಳ ಪಾತಿಗಳಿಗೆ ಯಾವ ಮಳೆಯೂ ಇಲ್ಲ.

ಹಣೆಗೆ ಬೆರಳು ತಾಗಿಸುವ ಮೊದಲು ಅವಳು ಒಂದು ಮಾತು ಹೇಳುತ್ತಾಳೆ. "ಚಿನ್ನ, ತಲೆ ಸ್ವಲ್ಪ ಹಿಂದಕ್ಕೆ." ಆಮೇಲೆ ಬೆರಳು, ಆಮೇಲೆ ಹನಿ, ಆಮೇಲೆ, "ಹಿಂಡ್ಬೇಡಿ ಚಿನ್ನ, ಸುಮ್ನೆ ಮುಚ್ಕೊಳ್ಳಿ, ಉರಿ ಈಗ ಹೋಗತ್ತೆ." ಕರೆಯುವುದು ತೊಟ್ಟಿಲ ಮಗುವನ್ನು ಕರೆದ ಹಾಗೆ, ಕ್ರಿಯಾಪದದಲ್ಲಿ ಮಾತ್ರ ಪೂರಾ ಮರ್ಯಾದೆ. ಬಂಗಾರದ ಬೆಲೆ ದಿನಕ್ಕೊಂದು ಮೆಟ್ಟಿಲು ಹತ್ತುವ ಕಾಲದಲ್ಲಿ ಬೆಳಗಿನಿಂದ ಸಂಜೆವರೆಗೆ ಅಷ್ಟೊಂದು ಚಿನ್ನವನ್ನು ಪುಕ್ಕಟೆ ಹಂಚುವವಳು ಊರಿಗೆ ಅವಳೊಬ್ಬಳೇ ಇರಬೇಕು.

ಅದು ಪ್ರೀತಿ ಉಕ್ಕಿ ಬಂದ ಮಾತೇನೂ ಅಲ್ಲ, ಕೆಲಸ ಕಲಿಸಿದ ಮಾತು. ಸೇರಿದ ಹೊಸದರಲ್ಲಿ ಅವಳು ಹೆಸರು ಹಿಡಿದು ಕರೆಯುತ್ತಿದ್ದಳು. ಆಸ್ಪತ್ರೆಯಲ್ಲಿ ಹೆಸರು ಕೇಳಿದ ಕೂಡಲೇ ಜನ ಡಾಕ್ಟರೇ ಕರೆದರೆಂದು ಎದ್ದು ನಿಲ್ಲುತ್ತಾರೆ. ಹನಿ ಹೋಗಿ ಮೀಸೆಗೆ ಬೀಳುತ್ತಿತ್ತು. ಸರ್ ಎಂದು ನೋಡಿದಳು. ಸಾಲಿನಲ್ಲಿದ್ದ ಅಷ್ಟೂ ಸರ್‌ಗಳು ಒಟ್ಟಿಗೆ ಕಣ್ಣು ತೆರೆದರು. ಅಮ್ಮ ಎಂದರೆ ನಲವತ್ತರ ಹೆಂಗಸರಿಗೆ ಸಿಟ್ಟು, ಅಕ್ಕ ಎಂದರೆ ಅರವತ್ತರವರಿಗೆ ಗುಮಾನಿ, ಅಜ್ಜ ಎಂದರೆ ಯಾವ ಅಜ್ಜನೂ ಓಗೊಡುವುದಿಲ್ಲ. ಏನೂ ಅನ್ನದೆ ಸೀದಾ ಹಣೆ ಮುಟ್ಟಿದಾಗ ಒಬ್ಬ ಲಾರಿ ಡ್ರೈವರು ಕುರ್ಚಿ ಸಮೇತ ಹಾರಿಬಿದ್ದಿದ್ದ. ಕೊನೆಗೆ, ಸುಸ್ತಾದ ಒಂದು ಮಧ್ಯಾಹ್ನ, ತಾನಾಗಿ ಬಾಯಿಗೆ ಬಂದದ್ದು ಚಿನ್ನ. ಆ ಪದಕ್ಕೆ ವಯಸ್ಸಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಅದನ್ನು ಕೇಳಿ ಸಾಲಿನಲ್ಲಿ ಒಬ್ಬರೂ ಕಣ್ಣು ತೆರೆಯುವುದಿಲ್ಲ. ತನ್ನನ್ನು ಹಾಗೆ ಕರೆಯುವವರು ಲೋಕದಲ್ಲಿ ಯಾರೂ ಇಲ್ಲ, ಇದು ಪಕ್ಕದ ಕುರ್ಚಿಯವರಿಗೆ ಹೇಳಿದ್ದು ಎಂಬ ಖಾತ್ರಿ ಪ್ರತಿಯೊಬ್ಬರಿಗೂ ಇರುತ್ತದೆ. ಬೆರಳು ಹಣೆಗೆ ತಾಗಿದ ಮೇಲಷ್ಟೇ ಅವರಿಗೆ ಗೊತ್ತಾಗುವುದು, ಅರೆ, ನಾನೇ.

ಆ "ನಾನೇ" ಒಬ್ಬೊಬ್ಬರ ಮುಖದಲ್ಲಿ ಒಂದೊಂದು ಥರ ಮೂಡುವುದನ್ನು ಅವಳು ನೋಡಿದ್ದಾಳೆ. ನಿವೃತ್ತ ಜೈಲರೊಬ್ಬರು ನೆಟ್ಟಗಾಗಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಕಣ್ಣು ಮುಚ್ಚಿಕೊಂಡೇ ಆಚೀಚೆ ನೋಡಿದ್ದರು. ಬಾಗಿಲಗಲ ಭುಜದ ಒಬ್ಬ ಕಮ್ಮಾರ ಗಳಗಳನೆ ಅತ್ತುಬಿಟ್ಟಿದ್ದ. "ಔಷಧಿ ಖಾರ, ಅಲ್ವಾ ಚಿನ್ನ?" ಎಂದು ಅವಳು ಹತ್ತಿ ಕೊಟ್ಟಳು. "ಹೂಂ, ಔಷಧೀನೇ," ಎಂದು ಅವನೂ ಒಪ್ಪಿದ. ಒಬ್ಬಳು ಕಾಲೇಜಿನ ಹುಡುಗಿ ಮಾತ್ರ ಕಲ್ಲಿನಂತೆ ಬಿಗಿದುಕೊಂಡಳು. ಬಸ್ಸಿನಲ್ಲೋ ಬೀದಿಯಲ್ಲೋ ಅದೇ ಪದವನ್ನು ಬೇರೆ ಬಾಯಿಯಿಂದ ಕೇಳಿದ್ದಳೇನೋ. ಡ್ರಾಪ್ಸ್ ಆಮೇಲೆ ಅವಳ ಹತ್ತಿರ ಆ ಮಾತೆತ್ತಲಿಲ್ಲ, ಕುರ್ಚಿಯ ಕೈಯನ್ನು ಎರಡು ಸಲ ಕುಟ್ಟಿ ಹನಿ ಹಾಕಿದಳು. ಇನ್ನು ಆ ದಂಪತಿ. ಗಂಡನಿಗೆ ಹನಿ, ಹೆಂಡತಿ ಪಕ್ಕದಲ್ಲಿ ಕಾವಲು.

"ಯಾರ್ರೀ ನಿಮ್ಗೆ ಚಿನ್ನ? ಮೂವತ್ತು ವರ್ಷದಲ್ಲಿ ನಾನೇ ಒಂದು ಸಲಾನೂ ಹಂಗಂದಿಲ್ಲ!"

"ಅದಕ್ಕೇ ಕಣೇ ಸುಮ್ನೆ ಕೂತಿದೀನಿ," ಎಂದರು ಗಂಡ, ಕಣ್ಣು ಬಿಡದೆ.

ಇಷ್ಟು ಜನರಿಗೆ ಇಷ್ಟು ಹತ್ತಿರ ಹೋಗಿಯೂ ಡ್ರಾಪ್ಸಳ ಮುಖ ಯಾರಿಗೂ ಗೊತ್ತಿಲ್ಲ. ಬರುವಾಗ ಅವರಿಗೆ ಮೊದಲೇ ಕಣ್ಣು ಮಂಜು, ಕೂತಾಗ ಕಣ್ಣು ಮುಚ್ಚಿರುತ್ತದೆ, ಹೋಗುವಾಗ ಪಾಪೆ ಅರಳಿ ಎದುರಿನವರು ಬೆಳಕಿನ ಮುದ್ದೆ. ಸಂಜೆ ತರಕಾರಿ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಅವಳಿಗೆ ಎಲ್ಲರ ಗುರುತೂ ಸಿಗುತ್ತದೆ. ಎಡ ರೆಪ್ಪೆಯ ಮೇಲೆ ಮಚ್ಚೆ ಇರುವವರು, ಹುಬ್ಬು ಕೂಡಿದವರು, ಹನಿ ಬೀಳುವ ಮೊದಲೇ "ಆಯ್ತಾ?" ಎಂದು ಕೇಳುವವರು. ಅವರು ಇವಳನ್ನು ದಾಟಿ ಇವಳ ಹಿಂದಿನ ಕುಂಬಳಕಾಯಿ ನೋಡುತ್ತಾರೆ. ಒಮ್ಮೆ ಅಂಗಡಿಯ ನೂಕುನುಗ್ಗಲಿನಲ್ಲಿ, "ಸ್ವಲ್ಪ ಸರೀರಿ ಚಿನ್ನ," ಎಂದು ಬಾಯಿ ಜಾರಿತು. ಜಾರಿದ್ದು ಅದೇ ನಿವೃತ್ತ ಜೈಲರ ಬೆನ್ನ ಹಿಂದೆ. ಅವರು ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಏನಮ್ಮಾ, ಏನಂದೆ?" ಕಣ್ಣು ಮುಚ್ಚಿದಾಗ ಉಪಚಾರವಾದದ್ದು ಕಣ್ಣು ತೆರೆದಾಗ ಉದ್ಧಟತನ. ಅವಳು ಅರ್ಧ ಕೊಂಡ ಟೊಮೆಟೊ ಅಲ್ಲೇ ಬಿಟ್ಟು ಮನೆ ದಾರಿ ಹಿಡಿದಳು.

ಮನೆಯೆಂದರೆ ಮೂರನೇ ಮಹಡಿಯ ಒಂದು ಕೋಣೆ. ಲಿಫ್ಟ್ ಇಲ್ಲ. ಮೆಟ್ಟಿಲಿನ ಬಲ್ಬು ಕೆಟ್ಟು, ಅದನ್ನು ಹಾಕಿಸುವುದು ಯಾರ ಕೆಲಸ ಎಂಬ ಚರ್ಚೆ ಮಾತ್ರ ಉರಿಯುತ್ತಿದೆ. ಮೇಲಿನ ತಿರುವಿನಲ್ಲಿ ಒಂದು ಮೆಟ್ಟಿಲು ಉಳಿದವುಗಳಿಗಿಂತ ಎತ್ತರ. ಹೊಸಬರೆಲ್ಲ ಅಲ್ಲಿ ಮುಗ್ಗರಿಸುತ್ತಾರೆ. ಹೊಸಬರು ಬರುವುದಾದರೂ ಎಲ್ಲಿ? ಒಳಗೆ ಮಂಚ, ಎರಡು ಕುರ್ಚಿ, ಕಿಟಕಿಯ ಕೆಳಗೆ ಒಲೆ. ಒಂದು ಕುರ್ಚಿಯ ಮೇಲೆ ಅವಳು ಕೂರುತ್ತಾಳೆ, ಇನ್ನೊಂದರ ಮೇಲೆ ಒಗೆದ ಬಟ್ಟೆ ಕೂರುತ್ತದೆ. ಮದುವೆ ಆಗಿತ್ತು, ಎರಡು ವರ್ಷ ನಡೆದಿತ್ತು. ಗಂಡ ಅವಳನ್ನು ಕರೆಯುತ್ತಿದ್ದದ್ದು "ಏಯ್" ಎಂದು, ಅದೂ ಟವೆಲು ಸಿಗದಿದ್ದಾಗ. ಒಂದು ದಿನ ಟವೆಲು ತಾನೇ ಹುಡುಕಿಕೊಂಡು, ಬಟ್ಟೆಯ ಜೊತೆ ಪೆಟ್ಟಿಗೆಗೆ ಹಾಕಿಕೊಂಡು ಹೋದ. ಅಪ್ಪ "ಇವಳೇ" ಎನ್ನುತ್ತಿದ್ದ. ಅಮ್ಮನಿಗೆ ಅವಳನ್ನು ಕರೆಯುವ ಅಗತ್ಯವೇ ಬೀಳುತ್ತಿರಲಿಲ್ಲ, ಇವಳು ಯಾವಾಗಲೂ ಪಕ್ಕದಲ್ಲೇ ಪಾತ್ರೆ ತಿಕ್ಕುತ್ತಿರುತ್ತಿದ್ದಳಲ್ಲ. ಈಗ ಉಳಿದವಳು ಬೇರೆ ಊರಿನ ತಂಗಿ ಒಬ್ಬಳು. ಫೋನು ಮಾಡುತ್ತಾಳೆ, ಒಲೆಯ ಮೇಲೆ ಏನಾದರೂ ಇಟ್ಟು. ಹಾಗಾಗಿ ಮಾತು ಸದಾ, "ಅಯ್ಯೋ ಉಕ್ತಾ ಇದೆ ಇರೇ," ಎಂಬಲ್ಲಿಗೆ ಮುಗಿಯುತ್ತದೆ.

ಆಸ್ಪತ್ರೆಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಬರುವವರಲ್ಲಿ ಟೈಪಿಂಗ್ ಮೇಡಂ ಒಬ್ಬರು. ಒಂದು ಕಾಲದಲ್ಲಿ ಟೈಪಿಂಗ್ ಶಾಲೆ ನಡೆಸಿದ್ದವರು. ಎಪ್ಪತ್ತು ಆದರೂ ಬೆನ್ನು ನೆಟ್ಟಗೆ, ಬೆರಳುಗಳು ಮೊಣಕಾಲ ಮೇಲೆ ಕೀಲಿಗಳ ಮೇಲಿಟ್ಟ ಹಾಗೆ. ಸಕ್ಕರೆ ಕಾಯಿಲೆ. ಮೈಯಲ್ಲಿ ಸಕ್ಕರೆ ಮಿತಿಮೀರಿ ಕಣ್ಣಿನ ಹಿಂಪರದೆಗೆ ಇಳಿದಿತ್ತು, ಮಾತಿಗೆ ಮಾತ್ರ ಒಂದು ಚಿಟಿಕೆಯೂ ತಲುಪಿರಲಿಲ್ಲ. ಒಂದೆರಡು ವರ್ಷ ಅವರು ಡ್ರಾಪ್ಸಳ ಚಿನ್ನವನ್ನು ಹಲ್ಲು ಕಚ್ಚಿ ಸಹಿಸಿದರು. ಕಳೆದ ಸಲ ಸಹಿಸಲಿಲ್ಲ.

"ನೋಡಿ, ನನ್ನ ವಯಸ್ಸೆಷ್ಟು ಗೊತ್ತಾ ನಿಮ್ಗೆ?"

"ಇಲ್ಲ ಚಿನ್ನ."

"ಮತ್ತೆ ಅದೇ! ನಾನು ಯಾರು ಅಂತ ನಿಮ್ಗೆ ಗೊತ್ತಾ?"

ಡ್ರಾಪ್ಸ್ ನಿಜವನ್ನೇ ಹೇಳಿದಳು. "ಎಡಗಣ್ಣು, ಎರಡನೇ ಹನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೈಪಿಂಗ್ ಮೇಡಂ ಅರಳಿದ ಪಾಪೆಯಲ್ಲೇ ಗೋಡೆ ಹಿಡಿದುಕೊಂಡು ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋದರು. ಡಾಕ್ಟರಮ್ಮ ಸಂಜೆ ಡ್ರಾಪ್ಸಳನ್ನು ಕರೆಸಿದರು. ಬೈಯುವ ಹೆಂಗಸಲ್ಲ, ಆದರೆ ನಗುವ ಹೊತ್ತೂ ಅಲ್ಲ.

"ನಿಮ್ಮ ಮನಸ್ಸು ನಂಗೊತ್ತು. ಆದ್ರೆ ಎಲ್ರಿಗೂ ಹಿಡ್ಸಲ್ಲ. ಇನ್ಮೇಲೆ ಸರ್, ಮೇಡಂ. ಅಷ್ಟೇ."

"ಸರ್ ಅಂದ್ರೆ ಎಲ್ರೂ ಕಣ್ ಬಿಡ್ತಾರೆ ಡಾಕ್ಟ್ರೇ."

"ಬಿಡ್ಲಿ. ಮತ್ತೆ ಮುಚ್ಕೋತಾರೆ."

ಅಷ್ಟಕ್ಕೆ ಮುಗಿಯಿತು. ಮಾರನೆಯ ದಿನದಿಂದ ಕೋಣೆಯಲ್ಲಿ ಸರ್, ಮೇಡಂ. ಸರ್ ಎಂದರೆ ಸರ್‌ಗಳೆಲ್ಲ ಕಣ್ಣು ತೆರೆದರು, ಮತ್ತೆ ಮುಚ್ಚಿಕೊಂಡರು. ಡಾಕ್ಟರಮ್ಮ ಹೇಳಿದ್ದು ಸರಿಯಾಗಿತ್ತು. ಆ ಮಾತು ಯಾಕೆ ನಿಂತಿತು ಎಂದು ಇಡೀ ಸಾಲಿನಲ್ಲಿ ಒಬ್ಬರಾದರೂ ಕೇಳಿಯಾರು ಎಂದು ಅವಳು ಒಂದು ವಾರ ಕಾದಳು. ಕಮ್ಮಾರ ಬಂದ. ಹನಿ ಹಾಕಿಸಿಕೊಂಡ. ಅಳಲಿಲ್ಲ, ಕೇಳಲೂ ಇಲ್ಲ. ಹತ್ತಿಯನ್ನು ಮಾತ್ರ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

ಆಗ ಡ್ರಾಪ್ಸಳಿಗೆ ಒಂದು ಸಂಗತಿ ಹೊಳೆಯಿತು. ತಾನು ಇಷ್ಟು ವರ್ಷ ಹಂಚಿದ್ದು ಅವರಿಗೆಂದೇ ತಿಳಿದಿದ್ದಳು. ಆದರೆ ಆ ಪದವಿಲ್ಲದೆ ಬರಿದಾದದ್ದು ತನ್ನ ಬಾಯಿ. ಮನೆಗೆ ಬಂದು ಒಲೆ ಹಚ್ಚುವಾಗ ಬೆಂಕಿಕಡ್ಡಿ ಎರಡು ಸಲ ಆರಿದರೆ, "ಹತ್ಕೋ ಚಿನ್ನ," ಎನ್ನುವಳು. ಸೊಟ್ಟಗೆ ಕೂತ ನಲ್ಲಿಗೆ, "ತಿರುಗು ಪುಟ್ಟ," ಎನ್ನುವಳು. ನಲ್ಲಿ ತಿರುಗುತ್ತಿತ್ತು. ದೂರು ಕೊಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಹನಿ ಒಬ್ಬರ ಕೆನ್ನೆಗೆ ಬಿತ್ತು. ಮರುದಿನ ಮತ್ತೊಬ್ಬರ ಮೂಗಿಗೆ. "ಕಣ್ಣು ಇಲ್ಲಿದೆ ಸಿಸ್ಟರ್, ಮೇಲುಗಡೆ," ಎಂದು ಅವರೇ ದಾರಿ ತೋರಿಸಿದರು. ಕೆಂಪು ಮುಚ್ಚಳ ಅವಳಿಗೆ ಕಂದು ಕಾಣುತ್ತಿತ್ತು, ಹಸಿರು ಪರದೆ ಬೂದಿ. ದೊಡ್ಡ ಡಾಕ್ಟರಮ್ಮ ದೀಪ ಹಾಕಿ ನೋಡಿ, ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿನದು ಬಲಿತಿದೆ ಎಂದರು. ಪೊರೆಯುವವರಿಲ್ಲದ ಮನೆಗೆ ಪೊರೆಯಾದರೂ ಬಂತಲ್ಲ ಎಂದುಕೊಂಡು ಡ್ರಾಪ್ಸ್ ಒಳಗೊಳಗೇ ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನಮ್ಮ ಸ್ಟಾಫ್ ಅಂದ್ಮೇಲೆ ಆಪರೇಷನ್ ನಮ್ದೇ," ಎಂದರು ಡಾಕ್ಟರಮ್ಮ. "ಸೋಮವಾರ ಹನಿ ಹಾಕಿ ಅಳತೆ ತಗೋತೀವಿ, ಗುರುವಾರ ಆಪರೇಷನ್, ಅವತ್ತೇ ಮನೆಗೆ. ಜೊತೆಗೆ ಒಬ್ರು ಬರ್ಲೇಬೇಕು, ಗೊತ್ತಲ್ಲ. ಎರಡು ದಿವ್ಸಾನೂ."

ಗೊತ್ತಿಲ್ಲದೆ ಏನು? ಹನಿ ಹಾಕಿಸಿಕೊಂಡವರು ಒಂಟಿಯಾಗಿ ರಸ್ತೆಗೆ ಇಳಿಯುವಂತಿಲ್ಲ ಎಂಬ ನಿಯಮವನ್ನು ಅವಳೇ ದಿನಾ ಸಾಲಿಗೆ ಹೇಳುತ್ತಿದ್ದಳು. ಜೊತೆಗಾರರಿಲ್ಲದೆ ಬಂದವರನ್ನು ಕೌಂಟರಿನವನು ವಾಪಸು ಕಳಿಸುವುದನ್ನೂ ನೋಡಿದ್ದಳು. ವಾಪಸು ಹೋಗುವಾಗ ಅವರು ಮರೆತು ಬಂದ ಏನನ್ನೋ ತರಲು ಹೊರಟವರಂತೆ ಚುರುಕಾಗಿ ನಡೆಯುತ್ತಿದ್ದರು. ಅದನ್ನೂ ನೋಡಿದ್ದಳು.

ಕೌಂಟರಿನವನು ಕೇಳಿದ. "ಡ್ರಾಪ್ಸ್, ನಿಮ್ಮ ಜೊತೆ ಯಾರು?"

"ತಂಗಿ ಬರ್ತಾಳೆ."

"ಹೋ, ತಂಗಿ ಬೇರೆ ಇದಾರಾ? ಹೇಳೇ ಇಲ್ಲ!"

ತಂಗಿ ಫೋನಿನಲ್ಲಿ ಬರುತ್ತೇನೆ ಎಂದೇ ಹೇಳಿದಳು. ಭಾನುವಾರ ಸಂಜೆ ಅವಳೇ ಫೋನು ಮಾಡಿದಳು. "ಅಕ್ಕಾ, ನಮ್ಮತ್ತೆ ಬಚ್ಚಲಲ್ಲಿ ಜಾರಿಬಿದ್ದಿದಾರೆ ಕಣೇ. ಏಳಕ್ಕಾಗ್ತಿಲ್ಲ. ಮುಂದಿನ ತಿಂಗಳು ಮಾಡಿಸ್ಕೊಂಡ್ರೆ ಆಗಲ್ವಾ?" ಸುಳ್ಳಲ್ಲ. ಹಿಂದಿನಿಂದ ಅತ್ತೆಯ ನರಳಾಟ ಕೇಳುತ್ತಿತ್ತು. "ಆಗತ್ತೆ ಬಿಡೇ, ನೀನು ಅವರನ್ನ ನೋಡ್ಕೋ," ಎಂದಳು ಡ್ರಾಪ್ಸ್. ಮುಂದಿನ ತಿಂಗಳಿಗೆ ಹಾಕಿದರೆ ಅಷ್ಟರಲ್ಲಿ ಇನ್ನೆಷ್ಟು ಮೂಗುಗಳಿಗೆ ಹನಿ ಬೀಳುತ್ತದೋ, ಹನಿ ಬಿಡುವ ಕೆಲಸವೇ ಎಲ್ಲಿ ಕೈಬಿಡುತ್ತದೋ. ಕೆಳಮಹಡಿಯ ಮನೆಯೊಡತಿಯನ್ನು ಕೇಳಲು ಇಳಿದಳು. ಆಕೆಗೆ ಮೊಣಕಾಲು ನೋವು. ಅದನ್ನು ಕೇಳಿ, ಎಣ್ಣೆ ತಿಕ್ಕಿ ನೋಡಿ ಎಂದು ಹೇಳಿ, ತಾನು ಬಂದ ವಿಷಯ ಹೇಳದೆ ಮೇಲೆ ಬಂದಳು. ದಿನವಿಡೀ ಊರನ್ನೆಲ್ಲ ಚಿನ್ನ ಎಂದವಳಿಗೆ, ಎರಡು ಬೆಳಿಗ್ಗೆ ಬೆಂಚಿನ ಮೇಲೆ ಕೂತು ಕಾಯಲು ಒಂದು ತಲೆ ಸಿಗಲಿಲ್ಲ.

ಸೋಮವಾರ ಕೌಂಟರಿನವನು ಇನ್ನೂ ಬಂದಿರದ ಹೊತ್ತಿಗೆ ಅವಳು ಹಿಂಬಾಗಿಲಿನಿಂದ ಒಳಗೆ ಬಂದು, ಕೋಟು ಹಾಕದೆ, ತನ್ನದೇ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಳು. ಅವತ್ತು ಹನಿಯ ಪಾಳಿ ಕನ್ನಡಕದ ವಿಭಾಗದವಳದ್ದು. ಕೈ ಚುರುಕು, ಬಾಯಿ ಬಿಗಿ, ನಿಯಮವೆಂದರೆ ನಿಯಮ. ಡ್ರಾಪ್ಸಳಿಗೆ ಮೊದಲನೇ ಹನಿ ಹಾಕಿ ಮುಂದೆ ಹೋದಳು. ಕಣ್ಣು ಮುಚ್ಚಿದ ಮೇಲೆ ಡ್ರಾಪ್ಸಳಿಗೆ ತನ್ನ ಕೋಣೆಯೇ ಗುರುತು ಸಿಗಲಿಲ್ಲ. ಇಷ್ಟು ಕೆಮ್ಮುತ್ತಾರೆಯೇ ಇಲ್ಲಿ? ಫ್ಯಾನು ಇಷ್ಟು ಕಿರಿಗುಟ್ಟುತ್ತದೆಯೇ? ಪಕ್ಕದ ಕುರ್ಚಿಯಲ್ಲಿ ಯಾರೋ ಬಂದು ಕೂತರು. ಕೂತ ಸದ್ದು ನೆಟ್ಟಗಿತ್ತು.

"ಮೊದಲಿನವರು ಎಲ್ಲಿ?" ಎಂದು ಆ ಪಕ್ಕದವರು ಕನ್ನಡಕದವಳನ್ನು ಕೇಳಿದರು. ದನಿ ಕೇಳಿದ ಕೂಡಲೇ ಡ್ರಾಪ್ಸ್ ಕುರ್ಚಿಯಲ್ಲೇ ಆಚೆಗೆ ಸರಿದಳು. ಟೈಪಿಂಗ್ ಮೇಡಂ!

"ಇವತ್ತು ಡ್ಯೂಟೀಲಿಲ್ಲ ಮೇಡಂ. ತಲೆ ಹಿಂದಕ್ಕೆ."

"ಇವತ್ತಿಲ್ವೋ, ಇನ್ಯಾವತ್ತೂ ಇಲ್ವೋ?"

ಕನ್ನಡಕದವಳು ಉತ್ತರ ಕೊಡುವ ಪೈಕಿಯವಳಲ್ಲ. ಹನಿ ಹಾಕಿ ನಡೆದಳು. ಡ್ರಾಪ್ಸ್ ಉಸಿರು ಬಿಗಿಹಿಡಿದು ಕೂತಳು. ಮಾತಾಡಿದರೆ ದನಿಯ ಗುರುತು ಸಿಕ್ಕೀತು. ಸಾಲು ಸುತ್ತಿ ಬಂದ ಕನ್ನಡಕದವಳು ಎರಡನೇ ಹನಿಗೆ ಏನೂ ಅನ್ನಲಿಲ್ಲ. ಸೀದಾ ತಣ್ಣಗಿನ ಬೆರಳು ಹಣೆಗೆ ಬಿತ್ತು. ಡ್ರಾಪ್ಸ್ ಹಿಂದೊಮ್ಮೆ ಲಾರಿ ಡ್ರೈವರು ಹಾರಿದ ಹಾಗೆಯೇ ಹಾರಿಬಿದ್ದಳು. ಕುರ್ಚಿ ಗೋಡೆಗೆ ಬಡಿಯಿತು. ಔಷಧಿ ಉರಿಯಿತು. ಅಷ್ಟು ಉರಿಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಹೆದರ್ಬೇಡಿ ಚಿನ್ನ," ಎಂದಿತು ಒಂದು ದನಿ. "ಹಿಂಡ್ಬೇಡಿ, ಸುಮ್ನೆ ಮುಚ್ಕೊಳ್ಳಿ. ಉರಿ ಈಗ ಹೋಗತ್ತೆ."

ಯಾರಿಗೋ ಹೇಳಿದ್ದು, ಪಕ್ಕದವರಿಗಿರಬೇಕು ಎಂದುಕೊಂಡಳು ಡ್ರಾಪ್ಸ್. ಆಮೇಲೆ ಒಂದು ಒಣಗಿದ ಕೈ ತಡವರಿಸಿಕೊಂಡು ಬಂದು ಅವಳ ಮುಂಗೈ ಮೇಲೆ ಕೂತಿತು. ಬೆರಳುಗಳು ಒಂದೊಂದಾಗಿ, ಜಾಗ ನೋಡಿಕೊಂಡು. ಅರೆ, ನಾನೇ.

"ಹೊಸಬರಾ ಇಲ್ಲಿಗೆ?" ಎಂದರು ಟೈಪಿಂಗ್ ಮೇಡಂ.

"ಹೂಂ," ಎಂದಳು ಡ್ರಾಪ್ಸ್, ಗಂಟಲಿನಿಂದ ಮಾತ್ರ.

"ಈ ಮಾತು ನಂದಲ್ಲ. ಇಲ್ಲಿ ಒಬ್ಳಿದ್ಲು, ಎಲ್ರಿಗೂ ಹೀಗೇ ಹೇಳೋಳು. ನಾನೇ ದೂರು ಕೊಟ್ಟು ಆ ಮಾತು ಬಿಡಿಸ್ದೆ. ಈಗ ಅವಳನ್ನೇ ಬಿಡಿಸಿದಾರೋ ಏನೋ." ಮುಂಗೈ ಮೇಲಿನ ಬೆರಳುಗಳು ಕೀಲಿ ಒತ್ತಿದ ಹಾಗೆ ಒಮ್ಮೆ ಆಡಿದವು. "ಅವಳು ಅಂದಿದ್ದಕ್ಕೆ ಸಿಟ್ಟು ಬಂದಿದ್ದಲ್ಲ ನಂಗೆ. ಮನೆಗೆ ಹೋದ್ಮೇಲೆ ಬರ್ತಿತ್ತು. ಬೀಗ ತೆಗೆದು ಒಳಗೆ ಹೋದ್ರೆ ಆ ಮಾತು ಕಿವೀಲೇ ಕೂತಿರೋದು. ಆಮೇಲೆ ನಾಲ್ಕು ತಿಂಗಳು ಯಾರೂ ಏನೂ ಕರೆಯಲ್ಲ. ಹಾಲಿನವನು 'ಹಾಲು' ಅಂತಾನೆ. ಆ ಮಾತು ಕೇಳ್ದೇ ಇದ್ದಿದ್ರೆ ಮನೆ ಇದ್ದ ಹಾಗೇ ಇರ್ತಿತ್ತು. ಕೇಳಿದ್ಮೇಲೆ ಒಂದು ಖಾಲಿ ಕೋಣೆ ಜಾಸ್ತಿ ಆದ ಹಾಗೆ. ಅರ್ಥ ಆಗತ್ತಾ ನಾನು ಹೇಳಿದ್ದು?"

"ಹೂಂ."

"ಅರ್ಥ ಆಗಿರಲ್ಲ. ನಿಮ್ಗೆ ಮನೆ ತುಂಬ ಜನ ಇರ್ತಾರೆ."

ಡ್ರಾಪ್ಸಳ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯಿತು. ಔಷಧಿ ಖಾರ.

ಬಾಗಿಲ ಬಳಿ ಕೌಂಟರಿನವನ ಚಪ್ಪಲಿ ಸದ್ದು ಕೇಳಿತು. "ಟೈಪಿಂಗ್ ಮೇಡಂ, ನಿಮ್ಮ ಜೊತೆ ಯಾರು ಬಂದಿದಾರೆ?"

"ಇಗೋ, ಪಕ್ಕದಲ್ಲೇ ಕೂತಿದಾಳಲ್ಲ," ಎಂದರು ಟೈಪಿಂಗ್ ಮೇಡಂ, ಕಣ್ಣು ಮುಚ್ಚಿಕೊಂಡೇ, ಒಂದು ಅಕ್ಷರವೂ ತಪ್ಪದೆ. "ನನ್ನ ತಂಗಿ." ಎಷ್ಟೋ ಸಲ ಹೇಳಿ ಪಳಗಿದ ಸುಳ್ಳು. ಪ್ರತಿಸಲವೂ ಪಕ್ಕದಲ್ಲಿ ಯಾರು ಕೂತಿರುತ್ತಾರೋ ಅವರೇ ಅವರಿಗೆ ತಂಗಿ, ತಮ್ಮ, ಅಳಿಯ.

ಕೌಂಟರಿನವನು ಹೋ ಎಂದು ನಕ್ಕ. "ಏನ್ ಡ್ರಾಪ್ಸ್! ನಿಮ್ಮ ತಂಗಿ ಬರ್ತಾಳೆ ಅಂದ್ರಿ, ಅಕ್ಕನ್ನ ಕರ್ಕೊಂಡು ಬಂದಿದೀರ! ಮೇಡಂ, ಹನಿ ಹಾಕೋರೇ ನಿಮ್ಮ ತಂಗಿ ಅಂತ ಮೊದಲೇ ಹೇಳ್ಬಾರ್ದಾ? ದೂರು ಬೇರೆ ಕೊಟ್ರಿ. ಅಕ್ಕ ತಂಗೀರ ಜಗಳ ಅಂತ ಯಾರಿಗ್ರೀ ಗೊತ್ತು?"

ಮುಂಗೈ ಮೇಲಿದ್ದ ಕೈ ಸರಕ್ಕನೆ ಹಿಂದೆ ಹೋಯಿತು.

"ಆದ್ರೆ ಇಬ್ರಿಗೂ ಹನಿ ಹಾಕಿದೆ, ಯಾರು ಯಾರನ್ನ ಕರ್ಕೊಂಡು ಹೋಗ್ತೀರ? ಸಂಜೆವರೆಗೂ ಇಲ್ಲೇ ಕೂತಿರಿ, ಪಾಪೆ ಇಳಿದ್ಮೇಲೆ ಹೊರಡಿ. ಗುರುವಾರದ ಆಪರೇಷನ್ನಿಗೂ ಅಕ್ಕಾನೇ ಬರೋದಾ, ಡ್ರಾಪ್ಸ್? ಇಲ್ಲ ಅಂದ್ರೆ ಈಗ್ಲೇ ಹೇಳಿ, ಆ ಜಾಗ ಬೇರೆಯವರಿಗೆ ಕೊಡ್ತೀನಿ."

ಡ್ರಾಪ್ಸ್ ಬಾಯಿ ತೆರೆದಳು. ಬರಲ್ಲ ಎನ್ನಬೇಕಿತ್ತು. ಆ ಮೂರಕ್ಷರ ಹೊರಡುವ ಮೊದಲೇ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಎಷ್ಟು ಗಂಟೆಗೆ?" ಎಂದರು ಟೈಪಿಂಗ್ ಮೇಡಂ.

"ಎಂಟಕ್ಕೆ ಮೇಡಂ."

"ಎಂಟು ಅಂದ್ರೆ ಎಂಟು. ನಾನು ಕಾಯೋಳಲ್ಲ."

ಕೌಂಟರಿನವನು ಹೋದ ಮೇಲೆ ಇಬ್ಬರೂ ಸಂಜೆವರೆಗೆ ಪಕ್ಕಪಕ್ಕ ಕೂತಿದ್ದರು. ಪಾಪೆ ಇಳಿಯಿತು. ಎದ್ದು ಹೊರಡುವಾಗ ಟೈಪಿಂಗ್ ಮೇಡಂ ಮೊದಲ ಸಲ ಡ್ರಾಪ್ಸಳ ಮುಖವನ್ನು ಹತ್ತಿರದಿಂದ ನೋಡಿದರು. "ಇನ್ನೂ ದಪ್ಪ ಇರ್ತೀರಿ ಅಂದ್ಕೊಂಡಿದ್ದೆ," ಎಂದರು. ಅಷ್ಟೇ.

ಗುರುವಾರ ಎಂಟಕ್ಕೆ ಅವರು ಬೆಂಚಿನ ಮೇಲೆ ಇದ್ದರು, ಬೆನ್ನು ನೆಟ್ಟಗೆ, ಚೀಲ ಮಡಿಲಲ್ಲಿ. ಡ್ರಾಪ್ಸ್ ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದಾಗಲೂ ಹಾಗೇ ಇದ್ದರು. ಹೇಗಾಯಿತು ಎಂದು ಕೇಳಲಿಲ್ಲ. ಮೊಣಕೈ ಹಿಡಿದರು. ಬಾಡಿಗೆ ಕಾರಿನಲ್ಲಿ ಇಬ್ಬರೂ ಒಂದೊಂದು ಕಿಟಕಿಯ ಹೊರಗೆ ನೋಡಿದರು. ಒಬ್ಬರಿಗೆ ಒಂದು ಕಣ್ಣಿಗೆ ಪಟ್ಟಿ ಇನ್ನೊಂದಕ್ಕೆ ಪೊರೆ, ಇನ್ನೊಬ್ಬರಿಗೆ ಎರಡೂ ಕಣ್ಣಿನ ಹಿಂದೆ ಸಕ್ಕರೆ. ನಾಲ್ಕು ಕಣ್ಣು ಸೇರಿ ಒಂದು ಪೂರಾ ಬೀದಿ ಕಾಣುತ್ತಿತ್ತೋ ಇಲ್ಲವೋ.

ದಾರಿಯುದ್ದಕ್ಕೂ ಡ್ರಾಪ್ಸ್ ಆ ಪದಕ್ಕಾಗಿ ಕಾದಳು. ಸೋಮವಾರ ಹಾಗೆ ಕರೆದದ್ದು ಯಾರೋ ಹೊಸಬಳನ್ನು. ತನ್ನನ್ನು ಎಂದು ಗೊತ್ತಾದ ಮೇಲೆ ಒಮ್ಮೆ, ಒಂದೇ ಒಂದು ಸಲ. ಅದು ಬರಲಿಲ್ಲ. ಮನೆಯ ಮೆಟ್ಟಿಲಿನ ಕತ್ತಲಲ್ಲಿ ಬಂದದ್ದು ಬೇರೆ.

"ಮೆಟ್ಟಿಲು," ಎಂದರು ಟೈಪಿಂಗ್ ಮೇಡಂ. "ಮೆಟ್ಟಿಲು. ಇನ್ನೊಂದು. ತಿರುವು, ಕೈ ಹಿಡ್ಕೊಳ್ಳಿ. ಮೆಟ್ಟಿಲು." ಟೈಪಿಂಗ್ ಶಾಲೆಯಲ್ಲಿ ಅಕ್ಷರ ಹೇಳಿಕೊಟ್ಟ ಹಾಗೆ, ಒಂದೇ ಲಯದಲ್ಲಿ, ಒಂದನ್ನೂ ಬಿಡದೆ. ಎತ್ತರದ ಮೆಟ್ಟಿಲಿನಲ್ಲಿ ಅವರೇ ಮುಗ್ಗರಿಸಿದರು. "ಇದೇನಿದು, ಹೀಗೆ ಕಟ್ಟಿದಾನೆ!" ಎಂದು ಬೈದು ಮತ್ತೆ, "ಮೆಟ್ಟಿಲು."

ಒಳಗೆ ಬಂದು ಅವರು ಎರಡನೇ ಕುರ್ಚಿಯ ಮೇಲಿನ ಬಟ್ಟೆಯನ್ನು ಎತ್ತಿ ಮಂಚದ ಮೇಲಿಟ್ಟರು. ಕೂರಲಿಲ್ಲ. ಕೋಣೆಯನ್ನೊಮ್ಮೆ ಸುತ್ತ ನೋಡಿದರು, ಎಲ್ಲೋ ನೋಡಿದ್ದೇನಲ್ಲ ಎಂಬಂತೆ.

"ಟೀ ಮಾಡ್ಲಾ?" ಎಂದಳು ಡ್ರಾಪ್ಸ್.

"ಬಗ್ಗಬಾರ್ದು ಅಂದಿಲ್ವಾ ಡಾಕ್ಟ್ರು? ಮಲಕ್ಕೊಳ್ಳಿ. ನಾನು ಹೊರಡ್ತೀನಿ, ಕತ್ತಲಾದ್ರೆ ನಂಗೆ ದಾರಿ ಕಾಣಲ್ಲ." ನಾಳೆ ಬರುತ್ತೇನೆ ಎನ್ನಲಿಲ್ಲ. ಬನ್ನಿ ಎಂದು ಇವಳಿಗೂ ಹೇಳಲಾಗಲಿಲ್ಲ.

ಬಾಗಿಲು ಎಳೆದುಕೊಂಡ ಸದ್ದಾಯಿತು. ಡ್ರಾಪ್ಸ್ ಮಲಗಲಿಲ್ಲ. ಕೆಳಗಿಳಿಯುವ ಹೆಜ್ಜೆಗಳನ್ನು ಕೇಳುತ್ತ ನಿಂತಳು. ಸಕ್ಕರೆ ಇಳಿದ ಕಣ್ಣು, ಬಲ್ಬಿಲ್ಲದ ಮೆಟ್ಟಿಲು, ಹೇಳುವವರು ಯಾರೂ ಇಲ್ಲ. ಗೋಡೆ ಸವರಿಕೊಂಡು ಬಾಗಿಲಿಗೆ ಹೋಗಿ, ತೆರೆದು, ಏನೂ ಕಾಣದ ಕತ್ತಲಿನೊಳಕ್ಕೆ ಕೂಗಿದಳು.

"ಮೆಟ್ಟಿಲು! ಈಗ ತಿರುವು ಬರತ್ತೆ, ಆ ಎತ್ತರದ್ದು ಅಲ್ಲೇ ಇದೆ. ಮೆಲ್ಲಗೆ ಇಳೀರಿ ಚಿನ್ನ."

ಹೆಜ್ಜೆ ನಿಂತಿತು.

ಡಾಕ್ಟರಮ್ಮನ ಸರ್, ಮೇಡಂ ನಿಯಮ ಅವಳಿಗೆ ಆಗ ನೆನಪಾಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೆಳಗಿನಿಂದ ಬೈಗುಳ ಬರಲಿಲ್ಲ. ಆಮೇಲೆ ಎತ್ತರದ ಮೆಟ್ಟಿಲಿನಿಂದ ಒಂದು ಕಾಲು ಜೋಪಾನವಾಗಿ ಕೆಳಗಿಳಿದ ಸದ್ದು, ಅದರ ಹಿಂದೆ ಇನ್ನೊಂದು. ಮುಂದಿನ ಮೆಟ್ಟಿಲಿಗೆ ಹೋಗುವ ಮೊದಲು ಆ ಹೆಜ್ಜೆ, ಇನ್ನೇನಾದರೂ ಹೇಳುತ್ತಾಳೋ ಎಂಬ ಹಾಗೆ, ಒಂದು ಕ್ಷಣ ಕಾಯಿತು.

"ಮೆಟ್ಟಿಲು," ಎಂದಳು ಡ್ರಾಪ್ಸ್.